ಹಳೆ ಕಡತವೂ ವಿಟಿ-ಎಕ್ಸ್ ಎಂಬ ಸೌಕರ್ಯವೂ

ಕಾಸರಗೋಡಿನ ಕೆಲವು ಹಳೆ ಲೇಖನಗಳ ಕಡತಗಳು ಯೂನಿಕೋಡ್‌ಗಿಂತ ಹಿಂದಿನ ಫಾಂಟಿನಲ್ಲುಂಟು. ತೆರೆಯಲು ನನ್ನ ಲ್ಯಾಪ್‌ಟಾಪಿನೊಳಗೇ ವಿಂಡೋಸ್ ಎಕ್ಸ್‌ಪಿ ಓಡಿಸಹೊರಟೆ, ಓಡಲಿಲ್ಲ.

ಒಳಗಿನ ಓಎಸ್ ತಾನೇ ಯಜಮಾನ ಅಂದ್ಕೊಂಡು ಆಜ್ಞೆ ಕೊಡ್ತದೆ. ಹೈಪರ್‌ವೈಸರ್ ಅದನ್ನು ತಡೆದು ನೋಡಬೇಕು. ಹಳೆಯ ಎಕ್ಸ್86 ಪ್ರೊಸೆಸರಿನಲ್ಲಿ ‘ಪಾಪ್‌ಎಫ್’ನಂಥ ಆಜ್ಞೆ, ಅಧಿಕಾರವಿಲ್ಲದಿದ್ದರೆ, ಅರ್ಧ ಕೆಲಸ ಬಿಟ್ಟು ಸುಮ್ಮನೆ ಮುಂದೆ ಹೋಗ್ತಿತ್ತು, ಹೈಪರ್‌ವೈಸರಿಗೆ ಸುಳಿವೇ ಇಲ್ಲ. 1999ರಲ್ಲಿ ವಿಎಂವೇರ್ ಇಂಥವನ್ನು ಓಡುವಾಗಲೇ ಬೇರೆ ಆಜ್ಞೆಗಳಿಗೆ ಅನುವಾದಿಸಿತು (ಗಡಿನಾಡಿನ ನಮಗೆ ಪರಿಚಯದ ಕೆಲಸವೇ!). 2005ರಲ್ಲಿ ಇಂಟೆಲ್ ವಿಟಿ-ಎಕ್ಸ್, 2006ರಲ್ಲಿ ಎಎಂಡಿ-ವಿ ಬಂದ ಮೇಲೆ ಚಿಪ್ಪಿನಲ್ಲೇ ಅತಿಥಿಗೊಂದು ಬೇರೆ ಸ್ಥಿತಿ ಉಂಟಾಯ್ತು. ಅಲ್ಲಿ ಅತಿಥಿ ಯಜಮಾನನಂತೆಯೇ ಓಡ್ತಾನೆ. ಆಯ್ದ ಸಂದರ್ಭಗಳಲ್ಲಿ ಮಾತ್ರ ಪ್ರೊಸೆಸರೇ ಹೈಪರ್‌ವೈಸರಿಗೆ ಒಪ್ಪಿಸ್ತದೆ.

ನನ್ನ ಬಯಾಸ್‌ನಲ್ಲಿ ಅದು ಆಫ್ ಇತ್ತು, ಅಷ್ಟೆ. ಆನ್ ಮಾಡಿದೆ. ಕಡತ ತೆರೆಯಿತು, ಅರ್ಕಾವೊತ್ತು ಸಮೇತ.