ತಿಂಗಳಿಗೊಮ್ಮೆ ಬರುವ ತಲೆನೋವು

ಸಹೋದರಿ, ಅಡುಗೆಮನೆಯ ಕ್ಯಾಲೆಂಡರನ್ನು ಒಮ್ಮೆ ನೋಡಿ. ಹಣೆಗೆ ದುಪಟ್ಟಾ ಬಿಗಿದು ಕತ್ತಲೆ ಕೋಣೆಯಲ್ಲಿ ನೀವು ಮಲಗಿದ್ದು ಕಳೆದ ತಿಂಗಳು ಯಾವ ದಿನ? ಅದರ ಹಿಂದಿನ ತಿಂಗಳು? ಪ್ರತಿ ಸಲವೂ ಮುಟ್ಟಿನ ಆಸುಪಾಸಿನಲ್ಲೇ ಆಗಿದ್ದರೆ ಅದು ಮುಟ್ಟಿನ ಮೈಗ್ರೇನ್ ಇರಬಹುದು.

ವಿಜಯನಗರದ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಈ ಮಾತು ಬಂದರೆ ಬಿಸಿಲು, ಪಿತ್ತ, ದೃಷ್ಟಿ ಎಂಬ ಉತ್ತರಗಳೇ ಹೆಚ್ಚು. ನಾನೂ ವರ್ಷಗಟ್ಟಲೆ ಪಿತ್ತವೆಂದೇ ನಂಬಿ ನಿಂಬೆ ಪಾನಕ ಕುಡಿದವಳು! ಮುಟ್ಟಿಗೆ ಮುಂಚೆ ರಕ್ತದಲ್ಲಿ ಈಸ್ಟ್ರೋಜನ್ ಹಾರ್ಮೋನು ಥಟ್ಟನೆ ಇಳಿಯುತ್ತದೆ. ಮೈಗ್ರೇನ್ ಸ್ವಭಾವದವರಿಗೆ ಆ ಇಳಿತ ಸಹಿಸದು. ಸ್ರಾವಕ್ಕೆ ಎರಡು ದಿನ ಮುಂಚಿನಿಂದ ಮೂರನೆಯ ದಿನದೊಳಗೆ ನೋವು ಶುರುವಾಗುತ್ತದೆ. ಜೊತೆಗೆ ವಾಕರಿಕೆ, ಬೆಳಕು, ಸದ್ದು ಬೇಡವೆನಿಸುತ್ತದೆ. 2015ರಲ್ಲಿ ಪ್ರಕಟವಾದ, ಬೆಂಗಳೂರಿನ ನಗರ-ಗ್ರಾಮೀಣ ಭಾಗದ 2,329 ಜನರ ಮನೆಮನೆ ಸಮೀಕ್ಷೆಯಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಆ ವರ್ಷದೊಳಗೆ ಮೈಗ್ರೇನ್ ಬಂದಿತ್ತು. ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು.

ಮೂರು ತಿಂಗಳು ಮುಟ್ಟಿನ ದಿನ, ನೋವಿನ ದಿನ, ನುಂಗಿದ ಮಾತ್ರೆ ಇಷ್ಟನ್ನು ಬರೆದಿಡಿ. ವೈದ್ಯರಿಗೆ ಸ್ಕ್ಯಾನಿಂಗಿಗಿಂತ ಹೆಚ್ಚಾಗಿ ಆ ಚೀಟಿಯೇ ಬೇಕಾಗುವುದುಂಟು. ಮನೆಯಲ್ಲಿ ಇಎಸ್‌ಐ ಕಾರ್ಡ್ ಇದ್ದವರಿಗೆ ರಾಜಾಜಿನಗರದ ಆಸ್ಪತ್ರೆ ಹತ್ತಿರವೇ ಇದೆ. ತಡೆದುಕೊಂಡು, ಸಾಕಾದ ಮೇಲೆ ನುಂಗಿದ ಮಾತ್ರೆ ಅಷ್ಟಾಗಿ ಕೆಲಸ ಮಾಡದು. ನೋವಿನ ಆರಂಭದಲ್ಲೇ ತೆಗೆದುಕೊಳ್ಳಬೇಕು. ಮುಟ್ಟು ಕ್ರಮವಾಗಿದ್ದರೆ ನ್ಯಾಪ್ರಾಕ್ಸೆನ್‌ನಂಥ ಮಾತ್ರೆಯನ್ನು ಎರಡು ದಿನ ಮುಂಚೆಯೇ ಶುರುಮಾಡಲು ವೈದ್ಯರು ಹೇಳಬಹುದು. ಹೊಟ್ಟೆಹುಣ್ಣು, ಆಸ್ತಮಾ, ಕಿಡ್ನಿ ತೊಂದರೆ ಇದ್ದರೆ ಮೊದಲೇ ತಿಳಿಸಿ. ಮೆಡಿಕಲ್ ಶಾಪಿನಿಂದ ತಂದು ತಿಂಗಳಲ್ಲಿ ಹತ್ತು ಹದಿನೈದು ದಿನ ನುಂಗುತ್ತಾ ಹೋದರೆ ಆ ಮಾತ್ರೆಯೇ ತಲೆನೋವು ತರುತ್ತದೆ.

ಇನ್ನು ರಮಝಾನ್. ಮುಟ್ಟಿನ ದಿನಗಳಲ್ಲಿ ಉಪವಾಸವಿಲ್ಲ. ಆದರೂ ಮಾವ, ಮೈದುನರ ಕಣ್ಣಿಗೆ ಬೀಳಬಾರದೆಂದು ಸಂಜೆಯವರೆಗೆ ನೀರೂ ಕುಡಿಯದವರು ನಮ್ಮಲ್ಲಿ ಎಷ್ಟು ಮಂದಿ! ಹಸಿವು, ನಿದ್ದೆಗೇಡು, ತಪ್ಪಿದ ಚಹಾ ಮೂರೂ ಮೈಗ್ರೇನನ್ನು ಕೆಣಕುತ್ತವೆ. ನಾಚದೆ ಉಣ್ಣಿ, ಅತ್ತೆಯಂದಿರೇ, ಸೊಸೆಗೆ ಒಂದು ತಟ್ಟೆ ತೆಗೆದಿಡಿ. ಖಝಾ ಉಪವಾಸಗಳನ್ನು ಮುಟ್ಟಿನ ಹಿಂದಿನ ದಿನಗಳಿಗೆ ಇಟ್ಟುಕೊಳ್ಳದಿರುವುದು ಲೇಸು.

ಉಮ್ರಾ, ಹಜ್ಜ್‌ಗೆಂದು ಮುಟ್ಟು ಮುಂದೂಡುವ ಮಾತ್ರೆಯನ್ನು ನೆರೆಮನೆಯವರು ಹೇಳಿದರೆಂದು ನುಂಗಬೇಡಿ. ನೋವಿಗೆ ಮುಂಚೆ ಕಣ್ಣೆದುರು ಅಂಕುಡೊಂಕು ಬೆಳಕು ಮಿನುಗುವವರಿಗೆ ಈಸ್ಟ್ರೋಜನ್ ಇರುವ ಮಾತ್ರೆಗಳು ಪಾರ್ಶ್ವವಾಯುವಿನ ಅಪಾಯ ಹೆಚ್ಚಿಸುತ್ತವೆ. ಹಿಂದೆಂದೂ ಕಾಣದಂಥ ನೋವು ಒಮ್ಮೆಲೇ ಬಡಿದರೆ, ಮಾತು ತೊದಲಿದರೆ, ಕೈಕಾಲು ಸೋತರೆ ಕ್ಯಾಲೆಂಡರ್ ನೋಡುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೊರಡಿ.