ನಿಮಗಿದು ಗೊತ್ತೆ? ಈ ಓಟದಲ್ಲಿ ಕೊನೆಯವರಾಗುವ ಅಂಜಿಕೆಯಿಲ್ಲ!

ಲಂಡನ್ನಿನ ಬುಷಿ ಪಾರ್ಕ್‌ನಲ್ಲಿ 2004ರ ಅಕ್ಟೋಬರ್ 2ರಂದು ಪಾಲ್ ಸಿಂಟನ್-ಹೆವಿಟ್ ಏರ್ಪಡಿಸಿದ 5 ಕಿ.ಮೀ. ಓಟದಲ್ಲಿ ಓಡಿದವರು 13 ಮಂದಿ. ‘ಪಾರ್ಕ್‌ರನ್’ ಹೆಸರಿನಲ್ಲಿ ಅದೀಗ 20ಕ್ಕೂ ಹೆಚ್ಚು ದೇಶಗಳಲ್ಲಿ ವಾರವಾರವೂ ನಡೆಯುತ್ತಿದೆ. ಇಷ್ಟು ಹಬ್ಬಲು ಮುಖ್ಯ ಕಾರಣ ಅದರ ಸರಳತೆ: ಶುಲ್ಕವಿಲ್ಲ, ಒಮ್ಮೆ ನೋಂದಾಯಿಸಿದರೆ ಸಾಕು, ನಡೆಸುವವರು ಸ್ವಯಂಸೇವಕರು; ಊರಿನ ಉದ್ಯಾನವೋ ನದಿದಂಡೆಯ ಹಾದಿಯೋ ಇದ್ದರೆ ಕ್ರೀಡಾಂಗಣದ ಹಂಗೂ ಬೇಡ.

ಪ್ರತಿಯೊಬ್ಬರ ಸಮಯ ದಾಖಲಾಗುವಾಗ ಇದೂ ಪಂದ್ಯವೇ ತಾನೆ ಎಂದು ಕೇಳಬಹುದು. ಆದರೆ ಬಹುಮಾನವಿಲ್ಲ, ಇಷ್ಟರೊಳಗೆ ಮುಗಿಸಬೇಕೆಂಬ ಗಡುವೂ ಇಲ್ಲ. ಪೂರ್ತಿ ನಡೆದೇ ಬಂದರೂ ಸರಿ. ಸ್ವಯಂಸೇವಕರೊಬ್ಬರು ಎಲ್ಲರ ಹಿಂದೆ ನಡೆದು ಬರುವುದರಿಂದ ಕೊನೆಯ ಸ್ಥಾನ ಸದಾ ಅವರದೇ. ಹೀಗಾಗಿ ಸಮಯದ ಲೆಕ್ಕ ನಮ್ಮದೇ ಹಿಂದಿನ ಓಟದೊಂದಿಗೆ ಹೋಲಿಸಿಕೊಳ್ಳಲು ನೆರವಾಗುತ್ತದೆ. ಹೊಸಬರು ಹಿಂಜರಿಯದೆ ಬರುತ್ತಾರೆ.