ಶಾಸನಚಿತ್ರಗಳಿಗೆ ಮನೆಯಲ್ಲೇ ಒಂದು ಭಂಡಾರ: ಯಾವ ತಂತ್ರಾಂಶ ಆರಿಸೋಣ?

ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟ, ಅಂದರೆ ಕೋಲಾರ ಜಿಲ್ಲೆಯ ಸಂಪುಟ, ಹೊರಬಂದದ್ದು 1905ರಲ್ಲಿ. ಅದನ್ನು ಹಿಡಿದುಕೊಂಡು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಊರೂರು ತಿರುಗಿದವರಿಗೆ ಗೊತ್ತು: ಪುಸ್ತಕ ಹೇಳುವ ಜಾಗದಲ್ಲಿ ಕಲ್ಲು ಈಗಲೂ ಇರಬಹುದು, ಇಲ್ಲದೆಯೂ ಇರಬಹುದು. ರಸ್ತೆ ಅಗಲವಾಗುತ್ತದೆ, ಹೊಲ ಲೇಔಟ್ ಆಗುತ್ತದೆ, ಗುಡಿಯ ಜೀರ್ಣೋದ್ಧಾರದಲ್ಲಿ ಬರಹದ ಮೇಲೆ ಸುಣ್ಣವೋ ಆಯಿಲ್ ಪೇಂಟೋ ಬೀಳುತ್ತದೆ. ಹಾಗಾಗಿ ಇವತ್ತು ನಿಮ್ಮ ಕ್ಯಾಮೆರಾದಲ್ಲಿರುವ ಚಿತ್ರ ನಾಳೆ ಆ ಶಾಸನದ ಕೊನೆಯ ಸಾಕ್ಷಿಯಾಗಿಬಿಡಬಹುದು. ಆ ಸಾಕ್ಷಿ ಈಗ ಎಲ್ಲಿದೆ ಅಂತ ಕೇಳಿದರೆ ಉತ್ತರ ಹೆಚ್ಚಾಗಿ ಒಂದೇ: ಮೊಬೈಲಿನಲ್ಲಿ, ವಾಟ್ಸಾಪ್ ಗುಂಪಿನಲ್ಲಿ, ಇಲ್ಲವೇ ಬೀರುವಿನೊಳಗಿನ ಒಂಟಿ ಹಾರ್ಡ್‌ಡಿಸ್ಕಿನಲ್ಲಿ.

ವಾಟ್ಸಾಪ್ ಚಿತ್ರವನ್ನು ಕುಗ್ಗಿಸಿಯೇ ಕಳಿಸುತ್ತದೆ. ಸವೆದ ಕಲ್ಲಿನಲ್ಲಿ ‘ಪ’ಕಾರವನ್ನೂ ‘ಷ’ಕಾರವನ್ನೂ ಬೇರೆ ಮಾಡುವ ಆ ಒಂದು ಒಳಗೀಟು ಉಳಿದಿದ್ದರೆ, ಕುಗ್ಗುವಾಗ ಮೊದಲು ಹೋಗುವುದು ಅದೇ. ಗೂಗಲ್ ಫೋಟೋಸ್‌ನಲ್ಲಿ ಲೆಕ್ಕವಿಲ್ಲದಷ್ಟು ಚಿತ್ರ ಬಿಟ್ಟಿಯಾಗಿ ಇಡುವ ಕಾಲ 2021ರ ಜೂನ್ 1ಕ್ಕೆ ಮುಗಿಯಿತು. ಹಾಗಾದರೆ ಮನೆಯಲ್ಲೇ ಒಂದು ಸರ್ವರ್ ಇಟ್ಟುಕೊಳ್ಳುವುದು ಹೇಗೆ? ಹೆಸರು ದೊಡ್ಡದು, ಯಂತ್ರ ಸಣ್ಣದು. ಒಂದು ಹಳೆಯ ಡೆಸ್ಕ್‌ಟಾಪ್, ಎರಡು ಹಾರ್ಡ್‌ಡಿಸ್ಕ್, ಒಂದು ಯುಪಿಎಸ್, ರೂಟರಿಗೊಂದು ಕೇಬಲ್, ಅಷ್ಟೇ. ತಲೆನೋವು ಇರುವುದು ಅದರ ಮೇಲೆ ಯಾವ ತಂತ್ರಾಂಶ ಹಾಕಬೇಕು ಎಂಬಲ್ಲಿ.

ಮೊದಲು ಎಷ್ಟು ಜಾಗ ಬೇಕು ಅನ್ನುವ ಲೆಕ್ಕ. ಓರೆಬೆಳಕಿನಲ್ಲಿ ಬೇರೆ ಬೇರೆ ಕೋನದಿಂದ ಒಂದು ಶಾಸನಕ್ಕೆ 20 ರಾ ಚಿತ್ರ, ಒಂದೊಂದು 25 ಎಂಬಿ ಎಂದುಕೊಳ್ಳಿ. ಶಾಸನಕ್ಕೆ ಅರ್ಧ ಜಿಬಿ ಆಯಿತು. 500 ಶಾಸನಕ್ಕೆ 250 ಜಿಬಿ. ಮೂರು ಆಯಾಮದ ಸ್ಕ್ಯಾನ್ ಸೇರಿದರೆ ಇನ್ನೂ ಹೆಚ್ಚು. ಆದರೂ 4 ಟಿಬಿಯ ಎರಡು ಡಿಸ್ಕ್ ಹವ್ಯಾಸಿಗೆ ಎಷ್ಟೋ ವರ್ಷ ಸಾಕು. ಅಂದರೆ ನಮಗೆ ಕೊರತೆ ಜಾಗದ್ದಲ್ಲ. ನಾವು ತಂತ್ರಾಂಶವನ್ನು ಕೇಳಬೇಕಾದ ಪ್ರಶ್ನೆ ಬೇರೆ: ಹತ್ತು ವರ್ಷದ ಮೇಲೆ ಈ ಕಡತ ತೆರೆದಾಗ, ಇದು ನಾನು ಇಟ್ಟದ್ದೇ ಹೌದು ಅಂತ ನೀನು ಹೇಳಬಲ್ಲೆಯಾ?

ಶಾಸನ ಓದುವವರಿಗೆ ಈ ಪ್ರಶ್ನೆ ಹೊಸತಲ್ಲ. ಕುವಳಾಲಪುರದ ಒಡೆಯರೆಂದು ಹೇಳಿಕೊಂಡ ಗಂಗರ ತಾಮ್ರಶಾಸನಗಳನ್ನೇ ನೋಡಿ. ಹಲಗೆಗಳನ್ನೆಲ್ಲ ಒಂದು ಉಂಗುರಕ್ಕೆ ಪೋಣಿಸಿ, ಉಂಗುರದ ತುದಿಗಳನ್ನು ಆನೆಯ ಮುದ್ರೆಯಲ್ಲಿ ಬೆಸೆದಿರುತ್ತಾರೆ. ಮುದ್ರೆ ಒಡೆಯದೆ ನಡುವಿನ ಹಲಗೆ ತೆಗೆಯುವಂತಿಲ್ಲ, ಹೊಸದು ತೂರಿಸುವಂತಿಲ್ಲ. ಇಷ್ಟಿದ್ದೂ ಗಂಗರ ಪಟಗಳಲ್ಲಿ ಕೂಟಶಾಸನ ಯಾವುದು, ಅಸಲಿ ಯಾವುದು ಎಂದು ಫ್ಲೀಟ್ ಮತ್ತು ರೈಸ್ ವರ್ಷಗಟ್ಟಲೆ ವಾದ ಮಾಡಿದರು ಅನ್ನುವುದು ಬೇರೆ ಮಾತು!

ಕಂಪ್ಯೂಟರಿನಲ್ಲಿ ಆ ಮುದ್ರೆಯ ಕೆಲಸ ಮಾಡುವುದು ಚೆಕ್‌ಸಮ್. ಕಡತದ ಪ್ರತಿ ತುಣುಕಿಗೂ ಲೆಕ್ಕ ಹಾಕಿ ತೆಗೆದ ಒಂದು ಸಂಖ್ಯೆ ಅದು. ಡಿಸ್ಕ್ ಹಳತಾಗಿ ಒಂದೇ ಒಂದು ಬಿಟ್ ತಿರುಗಿದರೂ ಲೆಕ್ಕ ತಾಳೆಯಾಗುವುದಿಲ್ಲ. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಹುಟ್ಟಿದ ಝಡ್‌ಎಫ್‌ಎಸ್ ಎಂಬ ಕಡತವ್ಯವಸ್ಥೆ ಪ್ರತಿ ಸಲ ಓದುವಾಗಲೂ ಇದನ್ನು ತಾಳೆ ನೋಡುತ್ತದೆ. ಒಂದರ ಪ್ರತಿಬಿಂಬವಾಗಿ ಇನ್ನೊಂದು ಡಿಸ್ಕ್ ಇದ್ದರೆ ಕೆಟ್ಟದ್ದನ್ನು ಒಳ್ಳೆಯದರಿಂದ ತಾನೇ ಸರಿಪಡಿಸುತ್ತದೆ. ಒಂದೇ ಡಿಸ್ಕ್ ಇದ್ದರೆ ಕೆಟ್ಟಿದೆ ಎಂದು ಹೇಳೀತು, ಚಿತ್ರವನ್ನು ಸರಿಮಾಡಲಾರದು. ಆದ್ದರಿಂದ ಎರಡು ಡಿಸ್ಕ್ ಬೇಕೇ ಬೇಕು.

ಈ ಝಡ್‌ಎಫ್‌ಎಸ್ ಅನ್ನು ಬ್ರೌಸರಿನಿಂದಲೇ ನಡೆಸಲು ಬಿಡುವ ಉಚಿತ ತಂತ್ರಾಂಶ ಟ್ರೂನಾಸ್. ಹಿಂದೆ ಫ್ರೀನಾಸ್ ಎನ್ನುತ್ತಿದ್ದರು. ಕನಿಷ್ಠ 8 ಜಿಬಿ ರ‍್ಯಾಮ್ ಕೇಳುತ್ತದೆ, ತಾನು ಕೂರಲು ಬೇರೆಯೇ ಒಂದು ಸಣ್ಣ ಎಸ್‌ಎಸ್‌ಡಿ ಕೇಳುತ್ತದೆ, ಯುಎಸ್‌ಬಿಯಲ್ಲಿ ನೇತುಹಾಕಿದ ಡಿಸ್ಕ್ ಎಂದರೆ ಅದಕ್ಕೆ ಆಗಿಬರದು. ಇಷ್ಟು ಹೊಂದಿಸಬಲ್ಲವರಿಗೆ ನನ್ನ ಶಿಫಾರಸು ಇದೇ. ಡಿಸ್ಕ್ ಕೊಳ್ಳುವಾಗ ಸಿಎಂಆರ್ ಮಾದರಿ ಎಂದು ಖಾತ್ರಿ ಮಾಡಿಕೊಳ್ಳಿ.

ಮನೆಯಲ್ಲಿ ಆಗಲೇ 1 ಟಿಬಿ, 2 ಟಿಬಿ, 4 ಟಿಬಿ ಅಂತ ಬಗೆಬಗೆಯ ಹಳೇ ಡಿಸ್ಕುಗಳಿದ್ದರೆ? ಡೆಬಿಯನ್ ಮೇಲೆ ನಿಂತಿರುವ ಓಪನ್‌ಮೀಡಿಯಾವಾಲ್ಟ್ ಹಾಕಿ, ಅದರ ಜೊತೆಗೆ ಸ್ನ್ಯಾಪ್‌ರೇಡ್ ಇಟ್ಟುಕೊಳ್ಳಿ. ಇರುವುದರಲ್ಲಿ ದೊಡ್ಡ ಡಿಸ್ಕನ್ನು ಪ್ಯಾರಿಟಿಗೆ ಬಿಡಬೇಕು. ಸ್ನ್ಯಾಪ್‌ರೇಡ್ ಚೆಕ್‌ಸಮ್ ಇಡುತ್ತದೆ. ಆದರೆ ನೀವು ಸಿಂಕ್ ಕೊಟ್ಟಾಗ ಮಾತ್ರ. ಭಾನುವಾರ ಟೇಕಲ್‌ನಲ್ಲಿ ತೆಗೆದ ಚಿತ್ರ ಸೋಮವಾರ ಸಿಂಕ್ ಆಗುವವರೆಗೂ ರಕ್ಷಣೆಯಿಲ್ಲದೆ ಇರುತ್ತದೆ. ಒಮ್ಮೆ ಇಟ್ಟ ಮೇಲೆ ಬದಲಾಗದ ಕಡತಗಳಿಗೆ ಹೇಳಿಮಾಡಿಸಿದ್ದು, ಶಾಸನಚಿತ್ರವೂ ಅಂಥದ್ದೇ. ಅನ್‌ರೇಡ್ ಕೂಡ ಬೇರೆ ಬೇರೆ ಗಾತ್ರದ ಡಿಸ್ಕುಗಳನ್ನು ಒಪ್ಪುತ್ತದೆ, ಬಳಸಲು ಸಲೀಸು, ಆದರೆ ದುಡ್ಡು ಕೊಡಬೇಕು. ಮೇಲಾಗಿ ಅದರ ಪ್ಯಾರಿಟಿಯೊಂದೇ ನೆಚ್ಚಿಕೊಂಡರೆ ವ್ಯತ್ಯಾಸ ಇದೆ ಎಂದು ತಿಳಿಯುತ್ತದೆ, ಯಾವ ಕಡತ ಕೆಟ್ಟಿತು ಎಂದು ತಿಳಿಯುವುದಿಲ್ಲ. ನೆಕ್ಸ್ಟ್‌ಕ್ಲೌಡ್, ಇಮ್ಮಿಚ್ ಮುಂತಾದವು ನೋಡಲು, ಹಂಚಲು ಚೆನ್ನ. ಅವು ಕಿಟಕಿ ಇದ್ದಹಾಗೆ, ಭಂಡಾರ ಅಲ್ಲ. ಮೂಲ ಚಿತ್ರಗಳು ಸಾದಾ ಫೋಲ್ಡರುಗಳಲ್ಲೇ ಇರಲಿ.

ಈಗ ಕನ್ನಡದವರಿಗೆ ಎದುರಾಗುವ ಒಂದು ಸಂಗತಿ. ಇದನ್ನು ತಂತ್ರಾಂಶದ ವಿಮರ್ಶೆಗಳಲ್ಲಿ ಯಾರೂ ಬರೆಯುವುದಿಲ್ಲ. ಫೋಲ್ಡರಿಗೆ ‘ಕೋಲಾರ’ ಎಂದು ಹೆಸರಿಟ್ಟಿರಿ. ಯೂನಿಕೋಡ್‌ನಲ್ಲಿ ‘ಕೋ’ ಎಂಬುದರ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊತ್ವ, ದೀರ್ಘಚಿಹ್ನೆ ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ಥರ. ಯಂತ್ರಕ್ಕೆ ಎರಡೂ ಬೇರೆ. ಒಂದು ಆಪಲ್ ಕಂಪ್ಯೂಟರಿನಿಂದ, ಇನ್ನೊಂದು ವಿಂಡೋಸ್‌ನಿಂದ ನಕಲು ಮಾಡಿದರೆ ಎರಡೆರಡು ‘ಕೋಲಾರ’ ಕಾಣಿಸಿಕೊಳ್ಳಬಹುದು. ಹುಡುಕಿದರೆ ಒಂದು ಸಿಕ್ಕೀತು, ಇನ್ನೊಂದು ಸಿಗದು. ‘ಶ್ರೀನಿವಾಸಪುರ’ದ ‘ಶ್ರೀ’ಗೂ ಇದೇ ಪಾಡು. ‘ಮಾಲೂರು’, ‘ಮುಳಬಾಗಿಲು’ ಪಾರು! ‘ಟೇಕಲ್’ ಮತ್ತೆ ಸಿಕ್ಕಿಬೀಳುತ್ತದೆ. ಝಡ್‌ಎಫ್‌ಎಸ್‌ನಲ್ಲಿ ಇದನ್ನು ಸರಿದೂಗಿಸುವ ನಾರ್ಮಲೈಸೇಶನ್ ಎಂಬ ಆಯ್ಕೆಯಿದೆ, ಆದರೆ ಡೇಟಾಸೆಟ್ ಸೃಷ್ಟಿಸುವಾಗಲೇ ಕೊಡಬೇಕು, ಆಮೇಲೆ ಬದಲಿಸಲಾಗದು.

ಇದಕ್ಕಿಂತ ಸುಲಭದ ದಾರಿಯನ್ನು ರೈಸ್ ಅವರೇ ಹಾಕಿಕೊಟ್ಟಿದ್ದಾರೆ. ಅವರ ಸಂಪುಟದಲ್ಲಿ ಪ್ರತಿ ತಾಲ್ಲೂಕಿಗೂ ಎರಡು ರೋಮನ್ ಅಕ್ಷರದ ಸಂಕ್ಷಿಪ್ತ ರೂಪವಿದೆ, ಶಾಸನಗಳಿಗೆ ತಾಲ್ಲೂಕುವಾರು ಕ್ರಮಸಂಖ್ಯೆಯಿದೆ. ಕಡತದ ಹೆಸರಿಗೆ ಆ ಎರಡಕ್ಷರ, ಮೂರಂಕಿಯ ಸಂಖ್ಯೆ, ಚಿತ್ರ ತೆಗೆದ ದಿನಾಂಕ ಸಾಕು. ಊರು, ಜಾಗ, ಓದು ಎಲ್ಲವನ್ನೂ ಅದೇ ಫೋಲ್ಡರಿನೊಳಗೆ ಒಂದು ಸಾದಾ ಪಠ್ಯಕಡತದಲ್ಲಿ ಕನ್ನಡದಲ್ಲೇ ಬರೆಯಿರಿ. ಯಾವ ಮಾಲಿಕೆಯ ಸಂಖ್ಯೆ ಎಂಬುದನ್ನೂ ಬರೆಯಿರಿ, ಪರಿಷ್ಕೃತ ಮಾಲಿಕೆಯ ಸಂಪುಟಗಳ ಕ್ರಮ ಬೇರೆ. ಇನ್ನೂ ಪ್ರಕಟವಾಗದ ಕಲ್ಲಿಗೆ ನಿಮ್ಮದೇ ಸಂಖ್ಯೆ ಕೊಡಿ. ಅದು ರೈಸ್ ಸಂಖ್ಯೆಯ ಹಾಗೆ ಕಾಣಿಸದಿರಲಿ.

ಇನ್ನು ಕಾವಲಿನ ವಿಷಯ. ದಾನಶಾಸನದ ಕೊನೆಯಲ್ಲಿ ಶಾಪಾಶಯ ಇರುತ್ತದಲ್ಲ, ಅದು ಹೆದರಿಸುವುದು ಮನುಷ್ಯನನ್ನು. ನಮ್ಮ ಕಡತಗಳಿಗೂ ಮನುಷ್ಯನಿಂದಲೇ ಹೆಚ್ಚು ಅಪಾಯ: ಅವಸರದಲ್ಲಿ ಅಳಿಸುವವರು, ಒತ್ತೆಹಣಕ್ಕಾಗಿ ಕಡತಗಳಿಗೆ ಬೀಗ ಹಾಕುವವರು. ಪ್ರತಿಬಿಂಬದ ಡಿಸ್ಕ್ ಇಲ್ಲಿ ನೆರವಾಗದು, ಒಂದರಲ್ಲಿ ಅಳಿಸಿದ್ದು ಅದೇ ಕ್ಷಣ ಇನ್ನೊಂದರಲ್ಲೂ ಅಳಿಯುತ್ತದೆ. ಬೇಕಾದದ್ದು ಸ್ನ್ಯಾಪ್‌ಶಾಟ್. ಟ್ರೂನಾಸ್‌ನಲ್ಲಿ ದಿನಕ್ಕೊಂದರಂತೆ ಒಂದು ತಿಂಗಳು, ತಿಂಗಳಿಗೊಂದರಂತೆ ಎರಡು ವರ್ಷ ಉಳಿಯುವ ಹಾಗೆ ಇಡಿ. ಬದಲಾದ ಭಾಗಕ್ಕೆ ಮಾತ್ರ ಅದು ಜಾಗ ತಿನ್ನುವುದರಿಂದ ನಮ್ಮಂಥ ಸಂಗ್ರಹಕ್ಕೆ ಖರ್ಚೇ ಇಲ್ಲ. ಸರ್ವರನ್ನು ನೇರವಾಗಿ ಇಂಟರ್ನೆಟ್ಟಿಗೆ ತೆರೆದಿಡಬೇಡಿ. 2022ರಲ್ಲಿ ಡೆಡ್‌ಬೋಲ್ಟ್ ದಾಳಿಗೆ ಸಿಕ್ಕಿದ್ದು ಹಾಗೆ ತೆರೆದಿಟ್ಟ ಕ್ಯೂನ್ಯಾಪ್ ಪೆಟ್ಟಿಗೆಗಳೇ. ಹೊರಗಿನಿಂದ ನೋಡಲೇಬೇಕಿದ್ದರೆ ವೈರ್‌ಗಾರ್ಡ್ ಅಥವಾ ಟೈಲ್‌ಸ್ಕೇಲ್ ಮೂಲಕ ನೋಡಿ.

ಕೋಲಾರದ ಮನೆಯಲ್ಲಿ ಒಂದು ಪ್ರತಿ ಇದ್ದರೆ ಇನ್ನೊಂದು ಬೇರೆ ಊರಿನಲ್ಲಿರಲಿ. ಮುಳಬಾಗಿಲಿನ ಗೆಳೆಯರೋ ಬೆಂಗಳೂರಿನ ಮಗಳೋ ಒಪ್ಪಿದರೆ ಅವರ ಮನೆಯಲ್ಲೊಂದು ಪೆಟ್ಟಿಗೆ. ಸೆಕೆಂಡಿಗೆ 10 ಮೆಗಾಬಿಟ್ ಅಪ್‌ಲೋಡ್ ಇದ್ದರೆ 250 ಜಿಬಿ ಹೋಗಲು ಎರಡು ದಿನಕ್ಕೂ ಹೆಚ್ಚು ಬೇಕು. ಮೊದಲ ಸಲ ಡಿಸ್ಕನ್ನೇ ಬಸ್ಸಿನಲ್ಲಿ ಒಯ್ಯುವುದು ವಾಸಿ. ಆಮೇಲಿನ ಹೊಸ ಚಿತ್ರಗಳಿಗೆ ನೆಟ್ ಸಾಕು.

ಗೂಢಲಿಪೀಕರಣ ಹಾಕಿದರೆ ಅದರ ಕೀಲಿಯನ್ನು ಕಾಗದದಲ್ಲಿ ಬರೆದು ಮನೆಯವರಿಗೆ ಕೊಡಿ. ಗುಟ್ಟಿಲ್ಲದ ಶಾಸನಚಿತ್ರಗಳಿಗೆ ಅದು ಬೇಡವೇ ಬೇಡ ಎನ್ನುವವನು ನಾನು. ನಾವು ಇಲ್ಲದ ದಿನ ಮನೆಯವರು ಆ ಡಿಸ್ಕನ್ನು ಯಾವುದಾದರೂ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೆ ಕೊಟ್ಟರೆ, ಅಲ್ಲಿನವರು ಕೇಬಲ್ ಸಿಕ್ಕಿಸಿ ಓದುವಂತಿರಬೇಕು. ಝಡ್‌ಎಫ್‌ಎಸ್ ಡಿಸ್ಕನ್ನು ವಿಂಡೋಸ್ ತಾನಾಗಿ ಓದುವುದಿಲ್ಲ. ಹಾಗಾಗಿ ವರ್ಷಕ್ಕೊಮ್ಮೆ ಎಕ್ಸ್‌ಫ್ಯಾಟ್ ಡಿಸ್ಕಿಗೆ ಒಂದು ಪೂರ್ತಿ ನಕಲು ತೆಗೆದು, ಚೆಕ್‌ಸಮ್‌ಗಳ ಪಟ್ಟಿಯನ್ನೂ ಅದರಲ್ಲೇ ಹಾಕಿ, ಮೇಲೆ ದಿನಾಂಕದ ಚೀಟಿ ಅಂಟಿಸಿಡಿ.